ಮೊಸಳೆ ಇರುವ ನೀರಿನಲ್ಲಿ ಗಾಡಿ ದಾಟಿಸುವುದು: ನನ್ನ ಅನುಭವ

ಹೊಳೆ ದಾಟುವ ಮೊದಲು ಇಳಿದು, ನಡೆದು ನೋಡಬೇಕು ಎನ್ನುವುದು ಜೀಪು ಕಲಿಸುವವರೆಲ್ಲ ಹೇಳಿಕೊಡುವ ಮೊದಲ ಪಾಠ. ಗೋವಾದ ಕುಳೆಂನಿಂದ ದೂಧಸಾಗರ ಜಲಪಾತಕ್ಕೆ ಪ್ರವಾಸಿಗರನ್ನು ಕರೆದೊಯ್ಯುತ್ತಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆ. ಅಕ್ಟೋಬರಿನಲ್ಲಿ ಹಂಗಾಮು ಶುರುವಾಗುವಾಗ ಹಳ್ಳಗಳಲ್ಲಿ ಇನ್ನೂ ಮಳೆಗಾಲದ ನೀರು ಇರುತ್ತದೆ. ಕ್ಲೀನರ್ ಹುಡುಗ ಪ್ಯಾಂಟು ಮಡಚಿಕೊಂಡು ಮುಂದೆ ನಡೆದರೆ ಅವನ ಮೊಣಕಾಲೇ ನನ್ನ ಅಳತೆಗೋಲು. ಆಮೇಲೆ ಫೋಂಡಾದಲ್ಲಿ ಮನೆ ಮಾಡಿ, ನದಿ ಸಮೀಕ್ಷೆಗೆ ಬರುವ ತಂಡಗಳಿಗೆ, ಹಿಂದೆ ತೆರೆದ ತೊಟ್ಟಿ ಇರುವ ಬೊಲೆರೊ ಕ್ಯಾಂಪರ್ ಓಡಿಸಲು ನಿಂತೆ. ಕುಂಬಾರಜುವೆ ಕಾಲುವೆಯ ದಂಡೆ, ಜುವಾರಿ ಬದಿಯ ಗದ್ದೆಗಳು, ಕೆಲವೊಮ್ಮೆ ಅನಮೋಡ ಘಟ್ಟ ಹತ್ತಿ ದಾಂಡೇಲಿಯ ಕಾಳಿ ನದಿ. ಅಲ್ಲಿ ಆ ಮೊದಲ ಪಾಠವನ್ನೇ ಬಿಡಬೇಕಾಯಿತು. ಮೊಸಳೆ ಇರುವ ನೀರಿಗೆ ಯಾರೂ ಕಾಲಿಡುವಂತಿಲ್ಲ. ದಾಟುವ ಮೊದಲೂ ಇಲ್ಲ, ಗಾಡಿ ನಡುನೀರಿನಲ್ಲಿ ನಿಂತರೂ ಇಲ್ಲ.

ಕುಂಬಾರಜುವೆ ಕಾಲುವೆ ಮಾಂಡೋವಿಯನ್ನೂ ಜುವಾರಿಯನ್ನೂ ಜೋಡಿಸುತ್ತದೆ. ಅಲ್ಲಿರುವುದು ಮಗ್ಗರ್ ಜಾತಿಯ ಮೊಸಳೆ. ಸಿಹಿನೀರಿನ ಪ್ರಾಣಿಯಾದರೂ ಸಮುದ್ರದ ನೀರು ಏರಿ ಬರುವ ಕಾಲುವೆಯಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನೆಲೆ ನಿಂತಿದೆ. ಚಳಿಗಾಲದಲ್ಲಿ ನೀರು ಇಳಿದಾಗ ಕೆಸರಿನ ಮೇಲೆ ಬಿಸಿಲು ಕಾಯಿಸುತ್ತ ಮಲಗಿರುತ್ತದೆ. ಪ್ರವಾಸಿಗರು ದೋಣಿಯಿಂದ ಫೋಟೋ ತೆಗೆಯುವುದು ಅದನ್ನೇ. ನನಗೆ ಚಿಂತೆ ಹಚ್ಚುವುದು ಕಾಣುವ ಮೊಸಳೆ ಅಲ್ಲ. ಉಬ್ಬರದಲ್ಲಿ ಆ ಕೆಸರು ಮುಳುಗಿದ ಮೇಲೆ ಅದು ಎಲ್ಲಿದೆ ಎಂದು ಹೇಳುವವರು ಯಾರೂ ಇಲ್ಲ. ಫೋಂಡಾ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಪುಷ್ಯ ಮಾಸದ ಅಮಾವಾಸ್ಯೆಗೆ ಮಣ್ಣಿನ ಮೊಸಳೆ ಮಾಡಿ, ಚಿಪ್ಪು ಒತ್ತಿ ಪೂಜಿಸುತ್ತಾರೆ. ಒಡ್ಡಿನ ಮೇಲೆ ದಿನವೂ ಓಡಾಡುವ ಆ ಜನ ಹೊತ್ತು ಮುಳುಗಿದ ಮೇಲೆ ನೀರಿನ ಅಂಚಿನಲ್ಲಿ ನಿಲ್ಲುವುದಿಲ್ಲ. ಅವರು ನಿಲ್ಲದ ಕಡೆ ನಾನೂ ನಿಲ್ಲಿಸುವುದಿಲ್ಲ.

ನನ್ನ ತಯಾರಿ ಉಬ್ಬರ ಇಳಿತದ ವೇಳಾಪಟ್ಟಿಯಿಂದ ಶುರುವಾಗುತ್ತದೆ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ನಿನ್ನೆ ಹತ್ತು ಗಂಟೆಗೆ ಒಣಗಿದ್ದ ತಗ್ಗು ದಾರಿ ಇಂದು ಹತ್ತಕ್ಕೆ ಹಾಗೇ ಇರುತ್ತದೆ ಎಂದು ನಂಬಬಾರದು. ಸಮೀಕ್ಷೆಯವರು ಅವಸರ ಮಾಡುತ್ತಾರೆ, ನಾನು ಚಹಾ ಕುಡಿಯುತ್ತೇನೆ. ಫೆರಿ ಇರುವ ಕಡೆ ಫೆರಿಯನ್ನೇ ಹಿಡಿಯುತ್ತೇನೆ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ಎತ್ತಬಲ್ಲದು, ಎರಡು ಅಡಿ ಇದ್ದರೆ ದೊಡ್ಡ ಗಾಡಿಯೂ ತೇಲಿಹೋಗಬಹುದು.

ದಾಟಲೇಬೇಕಾದಾಗ ಮೊದಲ ಕೆಲಸ ಪಟ್ಟಿ, ಅಂದರೆ ಸಿಕ್ಕಿಬಿದ್ದ ಗಾಡಿ ಎಳೆಯುವ ಗಟ್ಟಿ ಬೆಲ್ಟು, ಕಟ್ಟುವುದು. ದಂಡೆಯಿಂದ ಸಾಕಷ್ಟು ದೂರ, ಒಣನೆಲದಲ್ಲಿ ಗಾಡಿ ನಿಲ್ಲಿಸಿ, ಎಳೆಯುವ ಪಟ್ಟಿಯ ಒಂದು ತುದಿಯನ್ನು ಹಿಂದಿನ ಕೊಕ್ಕೆಗೆ ಶಾಕಲ್ (ಪಿನ್ ಇರುವ ಕಬ್ಬಿಣದ ಬಳೆ) ಹಾಕಿ ಬಿಗಿಯುತ್ತೇನೆ. ಶಾಕಲ್‌ನ ಪಿನ್ನನ್ನು ಪೂರ್ತಿ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಡುತ್ತೇನೆ. ಇಲ್ಲದಿದ್ದರೆ ಎಳೆತದ ನಂತರ ಅದು ಕಚ್ಚಿಕೊಂಡು ಬಿಚ್ಚುವುದೇ ಇಲ್ಲ. ಉಳಿದ ಪಟ್ಟಿಯನ್ನು ಸುರುಳಿ ಮಾಡಿ ಹಿಂದಿನ ತೊಟ್ಟಿಯಲ್ಲಿ, ಕುಳಿತವನ ಕೈಗೆ ಸಿಗುವಂತೆ ಇಡುತ್ತೇನೆ. ಮುಂದಿನ ಕೊಕ್ಕೆಗೂ ಹೀಗೆಯೇ ಒಂದು. ಅದರ ತುದಿ ಬಾನೆಟ್ ಮೇಲಿಂದ ಬಂದು ನನ್ನ ಕಿಟಕಿಯೊಳಗೆ. ಗಾಡಿ ನಿಂತರೆ ಹಗ್ಗ ಕಟ್ಟಲು ಯಾರೂ ಇಳಿಯಬೇಕಾಗಿಲ್ಲ, ಪಟ್ಟಿಯನ್ನು ದಂಡೆಯ ಗಾಡಿಯತ್ತ ಎಸೆದರಾಯಿತು. ನೀರು ಅಗಲವಾಗಿದ್ದರೆ ಪಟ್ಟಿಗೆ ಪಟ್ಟಿ ಸೇರಿಸಿಕೊಳ್ಳುತ್ತೇನೆ. ಇನ್ನೊಂದು ಗಾಡಿ ದಂಡೆಯಲ್ಲಿ ಇಲ್ಲದಿದ್ದರೆ ನಾನು ನೀರಿಗೆ ಇಳಿಸುವುದೇ ಇಲ್ಲ. ಈ ವಿಷಯದಲ್ಲಿ ಬಾಡಿಗೆ ಕಳೆದುಕೊಂಡದ್ದೂ ಉಂಟು.

ಪಟ್ಟಿ ಕಟ್ಟುವ ಹೊತ್ತಿಗೆ ಆಕ್ಸಲ್‌ನ ಹೌಸಿಂಗ್, ಅಂದರೆ ಚಕ್ರಗಳ ನಡುವಿನ ಗೇರು, ಎಣ್ಣೆ ಇರುವ ಗೂಡು, ಕೂಡ ಆರುತ್ತದೆ. ಓಡಿ ಬಂದ ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್‌ನಿಂದಲೂ (ಗಾಳಿ ಆಡುವ ಕಿಂಡಿ) ಸೀಲ್‌ನಿಂದಲೂ ನೀರನ್ನು ಎಳೆದುಕೊಳ್ಳುತ್ತದೆ. ನೆಲ ಗಟ್ಟಿಯಿದೆಯೇ ಎಂದು ನೋಡಲು ಗಾಡಿಯನ್ನು ಹಿಮ್ಮುಖವಾಗಿ ಅಂಚಿಗೆ ತರುತ್ತೇನೆ. ತೊಟ್ಟಿಯಲ್ಲಿ ನಿಂತವನು ಬಿದಿರು ಗಳದಿಂದ ಒತ್ತಿ ನೋಡುತ್ತಾನೆ. ಆಚೆ ದಂಡೆಯನ್ನು ಹತ್ತುವ ಜಾಗ ಕಣ್ಣಿಗೆ ಸ್ಪಷ್ಟವಾಗಿ ಕಾಣದಿದ್ದರೆ ಅಲ್ಲಿಂದಲೇ ವಾಪಸ್.

ಸೀಟ್ ಬೆಲ್ಟ್ ಬಿಚ್ಚಿಸುತ್ತೇನೆ, ಗಾಜುಗಳನ್ನು ಪೂರ್ತಿ ಇಳಿಸುತ್ತೇನೆ. ಧಾರವಾಡದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿನಿ ಗಾಬರಿಯಾಗಿ, "ಅಣ್ಣಾ, ಮೊಸಳೆ ಇದೆ ಎನ್ನುತ್ತೀರಿ, ಗಾಜು ಏರಿಸಬೇಕಲ್ಲವೇ?" ಎಂದು ಕೇಳಿದಳು. "ಬೇಡ ತಂಗಿ, ನೀರು ಹೊಕ್ಕರೆ ಗಾಜಿನ ಮೋಟರ್ ಕೆಲಸ ಮಾಡುವುದಿಲ್ಲ, ಬಾಗಿಲೂ ತೆರೆಯುವುದಿಲ್ಲ" ಎಂದೆ. ಮುಳುಗುವ ಗಾಡಿಯೊಳಗೆ ಸಿಕ್ಕಿಕೊಳ್ಳುವ ಅಪಾಯ ಮೊಸಳೆಗಿಂತ ದೊಡ್ಡದು. ಕಿಟಕಿಯಿಂದ ಚಾವಣಿಗೆ ಹತ್ತುವ ದಾರಿ ತೆರೆದಿರಬೇಕು.

ನೀರಿನಲ್ಲಿ ಮಾಡುವುದಕ್ಕೆ ಹೆಚ್ಚೇನಿಲ್ಲ. ಫೋರ್ ಬೈ ಫೋರ್ ಲೋ (ನಾಲ್ಕೂ ಚಕ್ರ ತಿರುಗಿಸುವ ನಿಧಾನದ ಗೇರು), ಅದರಲ್ಲಿ ಎರಡನೇ ಗೇರು, ನಡಿಗೆಯ ವೇಗ. ಬಂಪರಿನ ಮುಂದೆ ಒಂದು ಸಣ್ಣ ಅಲೆ ಏಳುತ್ತದೆ. ಅದು ಒಡೆಯದಂತೆ, ಅದನ್ನು ಹಿಂದಿಕ್ಕದಂತೆ ಒಂದೇ ಸಮನೆ ಹೋಗಬೇಕು. ನಡುವೆ ಕ್ಲಚ್ ಒತ್ತುವುದಿಲ್ಲ, ಗೇರು ಬದಲಿಸುವುದಿಲ್ಲ. ಎರಡೂ ಕಡೆ ನೀರು ಚಿಮ್ಮಿಸಿ ವಿಡಿಯೋ ಮಾಡುವವರ ಗಾಡಿಯ ಏರ್ ಫಿಲ್ಟರ್ ತೆಗೆದು ನೋಡಿದರೆ ಆ ಚಂದದ ಬೆಲೆ ತಿಳಿಯುತ್ತದೆ.

ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಲು ಹೋಗುವುದಿಲ್ಲ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಪಟ್ಟಿ ಎಸೆದು, ಎಲ್ಲರೂ ಮೇಲೆ ಹತ್ತಿ, ದಂಡೆಯ ಗಾಡಿ ಎಳೆಯುವವರೆಗೆ ಕಾಯುವುದು.

ದಾಟಿದ ಮೇಲೆ ಅಂಚಿನಲ್ಲಿ ನಿಂತು ಗಾಡಿ ತೊಳೆಯುವ ಚಟ ಕೆಲವರಿಗಿದೆ. ಮೀನು ತೊಳೆಯುವವರೂ ಇದ್ದಾರೆ. ದಿನವೂ ಅದೇ ಜಾಗದಲ್ಲಿ ತಿನ್ನಲು ಸಿಕ್ಕರೆ ಮೊಸಳೆಯೂ ಅದೇ ಹೊತ್ತಿಗೆ ಬಂದು ಕಾಯುತ್ತದೆ. ನಾನು ನೇರ ಮೇಲಿನ ರಸ್ತೆಗೆ ಹೋಗಿ, ಬ್ರೇಕನ್ನು ಮೆಲ್ಲಗೆ ಒತ್ತುತ್ತ ಓಡಿಸಿ ಒಣಗಿಸುತ್ತೇನೆ. ಸಂಜೆ ಹೌಸಿಂಗ್‌ನ ಬೋಲ್ಟ್ ಸಡಿಲಿಸಿ ಒಂದೆರಡು ಹನಿ ಎಣ್ಣೆಯನ್ನು ಬೆರಳಿಗೆ ತೆಗೆದುಕೊಂಡು ನೋಡುತ್ತೇನೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಂದೇ ಬಸಿದು ಹೊಸ ಎಣ್ಣೆ ಹಾಕುತ್ತೇನೆ. ಉಪ್ಪುನೀರಾಗಿದ್ದರೆ ಅಡಿಭಾಗವನ್ನೂ ಬ್ರೇಕ್ ಡ್ರಮ್ಮನ್ನೂ ಸಿಹಿನೀರಿನಿಂದ ತೊಳೆಸುತ್ತೇನೆ, ಅದರ ಖರ್ಚನ್ನು ಬಾಡಿಗೆ ಮಾತಾಡುವಾಗಲೇ ಸೇರಿಸಿರುತ್ತೇನೆ.