ವಾಚ್‌ನಲ್ಲಿ ಹಾರ್ಟ್ ರೇಟ್ ತಪ್ಪು ಬರ್ತಿದ್ರೆ ಎರಡು ಬೆರಳಷ್ಟು ಮೇಲೆ ಕಟ್ಟಿ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗಲೋ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಓಡುವಾಗಲೋ ಸ್ಮಾರ್ಟ್‌ವಾಚ್ ಹಾರ್ಟ್ ರೇಟ್ ಅಡ್ಡಾದಿಡ್ಡಿ ತೋರಿಸಿದ್ರೆ, ಅದನ್ನು ಮಣಿಕಟ್ಟಿನ ಉಬ್ಬಿದ ಮೂಳೆಯಿಂದ ಎರಡು ಬೆರಳು ಮೇಲಕ್ಕೆ ಸರಿಸಿ, ಸ್ಟ್ರ್ಯಾಪ್ ಒಂದು ತೂತು ಬಿಗಿ ಮಾಡಿ. ಕೈ ಬೀಸಿದಾಗ ಜಾರಬಾರದು, ಆದರೆ ಬೆರಳು ಜೋಮು ಹಿಡಿಯುವಷ್ಟು ಬಿಗಿಯೂ ಬೇಡ. ಮನೆಗೆ ಬಂದ ಮೇಲೆ ಸಡಿಲಿಸಿ. ವಾಚ್ ಹಿಂಬದಿಯ ಹಸಿರು ಬೆಳಕಿನ ಸೆನ್ಸರ್ ಚರ್ಮದಡಿ ಹರಿಯೋ ರಕ್ತದ ಏರಿಳಿತ ನೋಡಿ ನಾಡಿ ಲೆಕ್ಕ ಹಾಕೋದು. ವಾಚ್ ಅಲುಗಾಡಿದ್ರೆ ಸಂದಿಯಲ್ಲಿ ಹೊರಗಿನ ಬೆಳಕು ನುಗ್ಗುತ್ತೆ, ಕೈ ಬೀಸುವ ಲಯವನ್ನೇ ನಾಡಿ ಅಂದ್ಕೊಳ್ಳುತ್ತೆ. ಆರಾಮಾಗಿ ಓಡ್ತಿದ್ರೂ 170 ತೋರಿಸ್ತಿದ್ಯಾ? ನಿಮಿಷಕ್ಕೆ ಎಷ್ಟು ಹೆಜ್ಜೆ ಹಾಕ್ತೀರಿ ಅಂತ ಎಣಿಸಿ. ಅದೂ 170ರ ಹತ್ತಿರವೇ ಇದ್ರೆ ವಾಚ್ ಎಣಿಸ್ತಿರೋದು ಬಹುಶಃ ಹೆಜ್ಜೆಯನ್ನ! ಅನುಮಾನ ಇದ್ರೆ ನಿಂತ ತಕ್ಷಣ ಕುತ್ತಿಗೆ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ಸೆನ್ಸರ್ ಗಾಜಿನ ಮೇಲೆ ಒಣಗಿದ ಬೆವರು, ಕ್ರೀಮ್ ಇದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಬೇಡ. ಮಣಿಕಟ್ಟಲ್ಲಿ ದಟ್ಟ ಹಚ್ಚೆ ಇದ್ರೆ ಈ ಉಪಾಯ ನಡೆಯಲ್ಲ, ಇನ್ನೊಂದು ಕೈಗೆ ಕಟ್ಟಿ. ಡಿಸೆಂಬರ್ ಚಳೀಲಿ ಕೈ ತಣ್ಣಗಿದ್ರೂ ಮೊದಲ ಹತ್ತು ನಿಮಿಷದ ಲೆಕ್ಕ ನೆಚ್ಚಬೇಡಿ. ಡಂಬೆಲ್ ಎತ್ತುವಾಗ, 30 ಸೆಕೆಂಡಿನ ಸ್ಪ್ರಿಂಟ್‌ಗಳಲ್ಲಿ ಮಣಿಕಟ್ಟಿನ ವಾಚ್ ಹಿಂದೆ ಬೀಳುತ್ತೆ, ಅಲ್ಲಿ ಎದೆಗೆ ಕಟ್ಟೋ ಹಾರ್ಟ್ ರೇಟ್ ಸ್ಟ್ರ್ಯಾಪೇ ಸರಿ.