ಹಿಪ್ಪುನೇರಳೆಗೆ ಡ್ರಿಪ್: ಅಪ್ಪ ಒಪ್ಪಿದ್ದು ಹೀಗೆ

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೆರೆ ಬಿಟ್ಟರೆ ಬೋರ್‌ವೆಲ್ಲೇ ಗತಿ. ಸಾವಿರ ಅಡಿ ಕೊರೆದರೂ ಬರೀ ದೂಳು ಎದ್ದ ಬೋರ್‌ಗಳು ಎಷ್ಟೋ. ಇಂಥ ಕಡೆಯೂ ಹಿಪ್ಪುನೇರಳೆ ತೋಟಕ್ಕೆ ಡ್ರಿಪ್ (ಹನಿ ನೀರಾವರಿ) ಹಾಕೋಣ ಅಂದಾಗ ಅಪ್ಪ ಬೇಡ ಅಂದರು. "ಟೊಮೆಟೊಗೆ ಸರಿ ಕಣಪ್ಪಾ. ಈ ಬೇರಿಗೆ ಆ ತೊಟ್ಟು ನೀರು ಎಲ್ಲಿ ಸಾಕಾಗುತ್ತೆ?"

ಅದನ್ನು ಹಟ ಅನ್ನಲು ನನಗೆ ಮನಸ್ಸಾಗಲಿಲ್ಲ. ಸನಿಕೆ ಹಿಡಿದು ಸಾಲಿನ ತುದಿಯಲ್ಲಿ ನಿಂತು, ನೀರು ಬಂದು ಮುಟ್ಟಿದ್ದನ್ನು ಕಣ್ಣಾರೆ ನೋಡಿಯೇ ಬೇಸಾಯ ಮಾಡಿದವರು ಅವರು. ಡ್ರಿಪ್‌ನಲ್ಲಿ ನೋಡಲು ಏನಿದೆ? ಪೈಪಿನ ಕೆಳಗೆ ಅಂಗೈ ಅಗಲ ಒದ್ದೆ, ಸುತ್ತ ಒಣ ಮಣ್ಣು. ಜೊತೆಗೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಫ್ರೀ. ಆಟೋ ಸ್ಟಾರ್ಟರ್ ಇದ್ದರೆ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಓಡುತ್ತದೆ. ನೀರು ಉಳಿಸಿದರೆ ಜೇಬಿಗೇನೂ ಬರುವುದಿಲ್ಲ. ಹೀಗಿರುವಾಗ ಸುಮ್ನೆ 'ನೀರು ಉಳಿಸಿ' ಅಂದರೆ ಯಾರು ಕೇಳುತ್ತಾರೆ?

ಮೊದಲು ಅರ್ಧ ಎಕರೆಗೆ ಮಾತ್ರ ಹಾಕಿಸಿದೆ. ಜೋಡಿ ಸಾಲಿನ ಮಧ್ಯೆ ಒಂದು ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೂ ಹೋಗುವ ಸಣ್ಣ ಪೈಪು. ಅದರಲ್ಲಿ ಎರಡು ಅಡಿಗೊಂದು ನೀರು ತೊಟ್ಟಿಕ್ಕುವ ಡ್ರಿಪ್ಪರ್, ಒಂದೊಂದರಿಂದ ಗಂಟೆಗೆ 4 ಲೀಟರ್. ಬೋರ್ ನೀರನ್ನು ನಮ್ಮ ಕಡೆ ಇಂಚಿನಲ್ಲಿ ಅಳೆಯುತ್ತಾರೆ, ನಮ್ಮದರಲ್ಲಿ ಬರುವುದು ಒಂದೂವರೆ ಇಂಚು ಮಾತ್ರ. ಅರ್ಧ ಎಕರೆಗಿಂತ ಜಾಸ್ತಿ ಜಾಗಕ್ಕೆ ಒಟ್ಟಿಗೆ ಬಿಟ್ಟರೆ ತುದಿಯಲ್ಲಿ ಪ್ರೆಷರ್ ಇರುವುದಿಲ್ಲ. ಉಳಿದ ತೋಟಕ್ಕೆ ಅಪ್ಪ ಎಂದಿನಂತೆ ನೀರು ಹಾಯಿಸಿದರು.

ನೀರು ಬಿಟ್ಟ ಮಾರನೇ ದಿನ ಅವರ ಎದುರಿಗೇ ಡ್ರಿಪ್ಪರ್ ಕೆಳಗೆ ಅಗೆದೆ. ಮೇಲೆ ಅಂಗೈಯಷ್ಟಿದ್ದ ಒದ್ದೆ, ಕೆಳಗೆ ಹೋದಂತೆ ಈರುಳ್ಳಿ ಗೆಡ್ಡೆಯ ಹಾಗೆ ಉಬ್ಬಿತ್ತು. ಮೊಣಕೈ ಆಳದ ಮಣ್ಣು ತೆಗೆದು ಅಪ್ಪ ಉಂಡೆ ಕಟ್ಟಿದರು. ಉಂಡೆ ಒಡೆಯಲಿಲ್ಲ, ಕೈಗೂ ಮೆತ್ತಲಿಲ್ಲ. "ಹದ ಇದೆ" ಅಂದರು. (ನಮ್ಮದು ಕೆಂಪು ಮಣ್ಣು, ನೀರು ಆಳಕ್ಕೆ ಇಳಿಯುತ್ತದೆ. ಎರೆಭೂಮಿಯಲ್ಲಿ ಪಕ್ಕಕ್ಕೆ ಹರಡುತ್ತದೆ. ಅಲ್ಲಿ ಡ್ರಿಪ್ಪರ್ ಅಂತರ ಬೇರೆಯೇ ಇಡಬೇಕು.)

ಅವರನ್ನು ಪೂರ್ತಿ ಒಪ್ಪಿಸಿದ್ದು ಮಾತ್ರ ಕಳೆ. ಒಂದು ಜೋಡಿಗೂ ಇನ್ನೊಂದು ಜೋಡಿಗೂ ನಡುವೆ ನೀರೇ ಹೋಗದ ಕಡೆ ಕಳೆ ಎಲ್ಲಿ ಹುಟ್ಟಬೇಕು? ಕಳೆ ಕೂಲಿ ಇಳಿಯಿತು. ರಾತ್ರಿ ಕರೆಂಟು ಬಂದಾಗ ಟಾರ್ಚ್ ಹಿಡಿದು, ಹಾವಿಗೆ ಹೆದರುತ್ತಾ ಸಾಲಿನಿಂದ ಸಾಲಿಗೆ ನೀರು ತಿರುಗಿಸುವ ಕೆಲಸವೂ ತಪ್ಪಿತು. ರೈತರಿಗೆ ಹೇಳಬೇಕಾದ್ದು ಇದನ್ನೇ.

ನಾವು ಹಾಕಿಸಿದಾಗ ಶೇ 90 ಸಬ್ಸಿಡಿ ಸಿಕ್ಕಿತು. ಆದರೆ ಸಬ್ಸಿಡಿಯಲ್ಲಿ ಬಂದ ಪೈಪು ಎಷ್ಟೋ ಕಡೆ ಬೇಲಿ ಮೇಲೆ ಸುತ್ತಿಟ್ಟಿದೆ. ಆಳದ ನೀರಿನಲ್ಲಿ ಉಪ್ಪು ಜಾಸ್ತಿ, ಡ್ರಿಪ್ಪರ್ ಬಾಯಿಗೆ ಬೆಳ್ಳಗೆ ಕಟ್ಟುತ್ತದೆ. ಫಿಲ್ಟರ್ ತೊಳೆಯಬೇಕು, ಲ್ಯಾಟರಲ್ ತುದಿ ಬಿಚ್ಚಿ ಕೊಳೆ ಹರಿಯಬಿಡಬೇಕು. ಪೈಪು ಕೊಟ್ಟವರು ಇದನ್ನೂ ಒಮ್ಮೆ ತೋಟದಲ್ಲೇ ನಿಂತು ತೋರಿಸಿದ್ದರೆ ಚೆನ್ನಾಗಿತ್ತು.

ನನಗೆ ನಿಜಕ್ಕೂ ಚಿಂತೆಯಾಗುವುದು ಬೇರೆ. ಡ್ರಿಪ್ ಹಾಕಿಸಿದವರು ಉಳಿದ ನೀರಿಗೆ ಇನ್ನರ್ಧ ಎಕರೆ ನೆಡುತ್ತಾರೆ. ಅವರ ಕಷ್ಟ ನನಗೂ ಗೊತ್ತು, ತಪ್ಪು ಅನ್ನಲಾರೆ. ಆದರೆ ಅಲ್ಲಿಗೆ ಬೋರ್‌ನಲ್ಲಿ ಉಳಿದದ್ದೇನು, ಹೇಳಿ? ಅಪ್ಪನೂ ನಾನೂ ಮಾತಾಡಿಕೊಂಡು ತೋಟ ಹೆಚ್ಚಿಸುವುದು ಬೇಡ ಅಂದುಕೊಂಡೆವು. ಆಟೋ ಸ್ಟಾರ್ಟರ್ ಬಿಚ್ಚಿಟ್ಟಿದ್ದೇವೆ. ಈಗ ಮೋಟಾರು ಹಾಕುವುದು, ಆರಿಸುವುದು ನಾವೇ.