ಒತ್ತಡದ ನರವಿಜ್ಞಾನ ಓದಬೇಕೆಂದಿರುವ ಮಲೆನಾಡಿನ ವಿದ್ಯಾರ್ಥಿಗೆ: ಪಿಯುಸಿಯಿಂದ ಸ್ವಂತ ಲ್ಯಾಬ್‌ವರೆಗೆ

ನರವಿಜ್ಞಾನ ಓದುತ್ತೇನೆ ಎಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಹಾಗಾದ್ರೆ ನೀಟ್ ಬರೀಬೇಕಲ್ವಾ?’ ಬೇಕಿಲ್ಲ. ರೋಗಿಯನ್ನು ನೋಡುವ ವೈದ್ಯರ ದಾರಿ ಬೇರೆ, ಕೋಶವನ್ನು ನೋಡುವ ವಿಜ್ಞಾನಿಯ ದಾರಿ ಬೇರೆ. ಎಂಬಿಬಿಎಸ್ ಮುಗಿಸಿ ಸಂಶೋಧನೆಗೆ ಬರುವವರಿದ್ದಾರೆ, ನಿಜ. ಆದರೆ ಭಯ, ಆತಂಕ, ಒತ್ತಡ ನರಕೋಶಕ್ಕೆ ಏನು ಮಾಡುತ್ತವೆ ಎಂದು ಹುಡುಕುವ ಲ್ಯಾಬ್‌ಗಳಲ್ಲಿ ಪ್ರಾಣಿಶಾಸ್ತ್ರ, ಬಯೋಕೆಮಿಸ್ಟ್ರಿ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರೂ ಧಾರಾಳವಾಗಿ ಸಿಗುತ್ತಾರೆ.

ದಾರಿ ಹಿಡಿಯುವ ಮೊದಲು ಈ ಕ್ಷೇತ್ರದ ಗುಟ್ಟೊಂದನ್ನು ಅರ್ಥ ಮಾಡಿಕೊಳ್ಳಬೇಕು. 1936ರಲ್ಲಿ ಹ್ಯಾನ್ಸ್ ಸೆಲ್ಯೆ ಇಲಿಗಳಲ್ಲಿ ಒತ್ತಡದ ಲಕ್ಷಣ ವಿವರಿಸಿದಾಗ ನೋಡಿದ್ದು ದೇಹವನ್ನು: ಊದಿದ ಅಡ್ರಿನಲ್ ಗ್ರಂಥಿ, ಕುಗ್ಗಿದ ಥೈಮಸ್, ಹುಣ್ಣಾದ ಜಠರ. ಒತ್ತಡದ ಹಾರ್ಮೋನು ಮಿದುಳಿನಲ್ಲಿ ನೆನಪಿನ ಕೆಲಸ ಮಾಡುವ ಹಿಪೊಕ್ಯಾಂಪಸ್‌ಗೆ ಹೋಗಿ ಅಂಟಿಕೊಳ್ಳುತ್ತದೆ ಎಂದು ಬ್ರೂಸ್ ಮೆಕ್‌ಎವೆನ್ ತಂಡ ತೋರಿಸಿದ್ದು 1968ರಲ್ಲಿ. ಮುಂದೆ 2002ರಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಸುಮಂತ್ರ ಚಟರ್ಜಿ ತಂಡ, ನಿಮ್ಹಾನ್ಸ್‌ನವರ ಜೊತೆಗೂಡಿ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟು ನೋಡಿತು. ಹಿಪೊಕ್ಯಾಂಪಸ್‌ನ ಸಿಎ3 ಭಾಗದಲ್ಲಿ ನರಕೋಶದ ಕೊಂಬೆಗಳು ಮೊಟಕಾಗಿದ್ದವು. ಭಯ, ಆತಂಕವನ್ನು ನೋಡಿಕೊಳ್ಳುವ ಅಮಿಗ್ಡಲದಲ್ಲಿ ಅದೇ ಇಲಿಗೆ ಕೊಂಬೆಗಳು ಬೆಳೆದಿದ್ದವು. 2004ರ ಕೆಲಸದಲ್ಲಿ, 21 ದಿನ ಆರಾಮವಾಗಿ ಬಿಟ್ಟ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತು, ಅಮಿಗ್ಡಲ ಹಿಂದಕ್ಕೆ ಬರಲಿಲ್ಲ. 2005ರಲ್ಲಿ ಇನ್ನೊಂದು ತಿರುವು: ಒಂದೇ ಒಂದು ಬಾರಿ 2 ಗಂಟೆ ಹಿಡಿದಿಟ್ಟ ಇಲಿಯ ಅಮಿಗ್ಡಲದಲ್ಲಿ ಮರುದಿನ ಏನೂ ಕಾಣಲಿಲ್ಲ. 10 ದಿನ ಬಿಟ್ಟು ನೋಡಿದರೆ ಕೊಂಬೆಗಳ ಮೇಲಿನ ಮುಳ್ಳುಗಳು, ಅಂದರೆ ಸಂಪರ್ಕದ ಬಿಂದುಗಳು, ಹೆಚ್ಚಾಗಿದ್ದವು.

ಹಾಗಾಗಿ ‘ಒತ್ತಡ ಮಿದುಳನ್ನು ಹಾಳು ಮಾಡುತ್ತದೆ’ ಎಂಬ ಮಾತಿಗೆ ಇಲ್ಲಿ ಕವಡೆ ಬೆಲೆಯಿಲ್ಲ. ಯಾವ ಭಾಗ, ಯಾವ ಕೋಶ, ಎಷ್ಟು ದಿನದ ಒತ್ತಡ, ಎಷ್ಟು ದಿನ ಬಿಟ್ಟು ಅಳೆದಿರಿ? ಸಂದರ್ಶನದಲ್ಲಿ ಕೇಳುವುದೂ ಇದನ್ನೇ, ಪ್ರಬಂಧ ತಿರಸ್ಕಾರವಾಗುವುದೂ ಇಲ್ಲೇ. ಕೋರ್ಸು, ಲ್ಯಾಬು, ತಂತ್ರ ಯಾವುದನ್ನು ಆಯುವಾಗಲೂ ಈ ನಾಲ್ಕು ಪ್ರಶ್ನೆ ಜೊತೆಗಿರಲಿ.

ಪಿಯುಸಿ ಮತ್ತು ಪದವಿ

ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಳ್ಳಿ. ಜೀವಶಾಸ್ತ್ರ ಓದುವವರಿಗೆ ಗಣಿತ ಯಾಕೆ ಎಂದು ಬಿಟ್ಟವರು ಮುಂದೆ ಅಂಕಿಅಂಶಶಾಸ್ತ್ರದ ಹೊತ್ತಿಗೆ ಒದ್ದಾಡುತ್ತಾರೆ. ಕೇಂದ್ರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಐಎಸ್‌ಇಆರ್‌ಗಳ ಐದು ವರ್ಷದ ಬಿಎಸ್-ಎಂಎಸ್‌ಗೆ ಐಎಟಿ ಎಂಬ ಪ್ರತ್ಯೇಕ ಪ್ರವೇಶ ಪರೀಕ್ಷೆಯಿದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ನಾಲ್ಕು ವರ್ಷದ ಸಂಶೋಧನಾ ಪದವಿಯಿದೆ. ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ದಾರಿ ಮುಚ್ಚಿತು ಎಂದಲ್ಲ. ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲೋ ಸಾಗರ, ತೀರ್ಥಹಳ್ಳಿಯ ಪದವಿ ಕಾಲೇಜಿನಲ್ಲೋ ಬಿಎಸ್ಸಿ ಮಾಡಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮುಗಿಸಿ, ಪಿಎಚ್‌ಡಿ ಹೊತ್ತಿಗೆ ದೊಡ್ಡ ಸಂಸ್ಥೆಗೆ ಹೋಗಬಹುದು. ಪದವಿಯ ವಿಷಯಕ್ಕಿಂತ, ಆ ಮೂರು ವರ್ಷದಲ್ಲಿ ಕೈಗೆ ಏನು ಕಲಿಸಿದಿರಿ ಎನ್ನುವುದೇ ತೂಕ.

ಲ್ಯಾಬ್ ಇಲ್ಲದೆಯೂ ಮಾಡಬಹುದಾದ ಒಂದು ಪ್ರಾಜೆಕ್ಟ್ ಹೇಳುತ್ತೇವೆ. ನ್ಯೂರೋಮಾರ್ಫೊ ಡಾಟ್ ಆರ್ಗ್ ಎಂಬ ಜಾಲತಾಣದಲ್ಲಿ ಜಗತ್ತಿನ ಬೇರೆ ಬೇರೆ ಲ್ಯಾಬ್‌ಗಳು ಬಿಡಿಸಿದ ನರಕೋಶಗಳ ಡಿಜಿಟಲ್ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಇಲಿಯ ಸಿಎ3 ಕೋಶ ಹತ್ತು, ಅಮಿಗ್ಡಲದ ಕೋಶ ಹತ್ತು ಎಸ್‌ಡಬ್ಲ್ಯುಸಿ ಎಂಬ ಕಡತದ ರೂಪದಲ್ಲಿ ಇಳಿಸಿಕೊಳ್ಳಿ. ಫಿಜಿ ಎಂಬ ಉಚಿತ ತಂತ್ರಾಂಶದಲ್ಲಿ ಎಸ್‌ಎನ್‌ಟಿ ಪ್ಲಗಿನ್ ಹಾಕಿ ಶಾಲ್ ವಿಶ್ಲೇಷಣೆ ಮಾಡಿ. ಕೋಶದ ಒಡಲನ್ನು ನಡುವೆ ಇಟ್ಟು 10 ಮೈಕ್ರೊಮೀಟರ್‌ಗೊಂದರಂತೆ ವೃತ್ತಗಳನ್ನು ಎಳೆದು, ಪ್ರತಿ ವೃತ್ತವನ್ನು ಎಷ್ಟು ಕೊಂಬೆಗಳು ದಾಟುತ್ತವೆ ಎಂದು ಎಣಿಸುವುದೇ ಇದು. 1953ರ ಲೆಕ್ಕ, ಇವತ್ತಿಗೂ ನಡೆಯುತ್ತಿದೆ. (ಅಡಿಕೆ ಮರದ ಮೇಲೆ ಅಭ್ಯಾಸ ಮಾಡಲಾಗದು, ಹಲಸಿನ ಮರದ ಫೋಟೊ ಆದೀತು.) ಒಂದು ಎಚ್ಚರಿಕೆ: ಬೇರೆ ಬೇರೆ ಲ್ಯಾಬ್‌ನ ಕೋಶಗಳನ್ನು ನೇರವಾಗಿ ಹೋಲಿಸಬೇಡಿ. ಬಣ್ಣ ಕಟ್ಟಿದ ವಿಧಾನ, ಇಲಿಯ ವಯಸ್ಸು, ಸೀಳಿನ (ತೆಳ್ಳಗೆ ಕೊಯ್ದ ಮಿದುಳಿನ ಪದರದ) ದಪ್ಪ ಬದಲಾದರೆ ಕೊಂಬೆಯ ಲೆಕ್ಕವೂ ಬದಲಾಗುತ್ತದೆ. ಒಂದೇ ಲ್ಯಾಬ್‌ನ ಒಂದೇ ಸಂಗ್ರಹದಿಂದ ಎರಡೂ ಗುಂಪು ಆರಿಸಿ. ವರದಿಯಲ್ಲಿ ಈ ಒಂದು ವಾಕ್ಯವಿದ್ದರೆ, ಬರೆದವರಿಗೆ ವಿಷಯ ಗೊತ್ತಿದೆ ಎಂದು ಓದುವ ಪ್ರಾಧ್ಯಾಪಕರಿಗೆ ತಿಳಿಯುತ್ತದೆ.

ಅಂಗರಚನೆಗೆ ಮೇಕೆಯ ಮಿದುಳು ಸಾಕು. ಮಟನ್ ಅಂಗಡಿಯಲ್ಲಿ ತಲೆಯನ್ನು ಮಚ್ಚಿನಿಂದ ನಡುಮಧ್ಯಕ್ಕೆ ಸೀಳುವುದರಿಂದ ಮಿದುಳು ಎರಡು ಹೋಳಾಗಿ ಬರುತ್ತದೆ. ಅದು ತೊಂದರೆಯಲ್ಲ, ಒಳಮೈ ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಕಡಿದದ್ದನ್ನೇ ಕೇಳಿ ತನ್ನಿ, ತಡವಾದರೆ ಬೆಣ್ಣೆಯಂತೆ ಕರಗುತ್ತದೆ. ಮಿದುಳಿನ ಹತ್ತು ಪಟ್ಟು ಗಾತ್ರದಷ್ಟು 10 ಶೇಕಡಾ ಫಾರ್ಮಲಿನ್‌ನಲ್ಲಿ ಎರಡು ವಾರ ಬಿಡಿ, ತಳಕ್ಕೆ ಹತ್ತಿ ಹಾಸಿರಿ, ಇಲ್ಲದಿದ್ದರೆ ತಳ ಚಪ್ಪಟೆಯಾಗುತ್ತದೆ. ಇದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬ್‌ನಲ್ಲಿ, ಕಿಟಕಿ ತೆರೆದು, ಕೈಗವಸು ಹಾಕಿ ಮಾಡುವ ಕೆಲಸ, ಮನೆಯ ಅಡಿಗೆಕೋಣೆಯದ್ದಲ್ಲ. ಕೊಯ್ಯುವ ಹಿಂದಿನ ರಾತ್ರಿ ನೀರಿನಲ್ಲಿ ತೊಳೆದಿಡಿ. ಪಾರ್ಶ್ವದ ಕುಹರವನ್ನು, ಅಂದರೆ ಮಿದುಳಿನೊಳಗಿನ ಪೊಳ್ಳನ್ನು, ಮೇಲಿನಿಂದ ಬಿಡಿಸಿದರೆ ಅದರೊಳಗೆ ಬಾಗಿ ಮಲಗಿರುವ ಬಿಳಿ ದಿಬ್ಬ ಹಿಪೊಕ್ಯಾಂಪಸ್. ಅದು ಕೆಳಕ್ಕೆ ಬಾಗಿ ಮುಗಿಯುವಲ್ಲಿ, ಅದರ ಮುಂದಿರುವ ಬೂದು ಗಂಟು ಅಮಿಗ್ಡಲ. ಎರಡೂ ಎಷ್ಟು ಹತ್ತಿರ ಎಂದು ಬೆರಳಿಗೆ ಗೊತ್ತಾದ ಮೇಲೆ, ಒಂದೇ ಒತ್ತಡಕ್ಕೆ ಎರಡೂ ವಿರುದ್ಧವಾಗಿ ನಡೆದುಕೊಳ್ಳುವುದು ಇನ್ನಷ್ಟು ವಿಚಿತ್ರ ಎನಿಸುತ್ತದೆ.

ಇದರ ಜೊತೆಗೆ ಪೈಥಾನ್ ಅಥವಾ ಆರ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು. ಎನ್‌ಪಿಟಿಇಎಲ್‌ನ ಆನ್‌ಲೈನ್ ಪಾಠಗಳು ಸಾಕು.

ಅರ್ಜಿ, ಪರೀಕ್ಷೆ, ಪ್ರಮಾಣಪತ್ರ

ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಪದವಿಯಲ್ಲಿರುವಾಗಲೇ ಅರ್ಜಿ ಹಾಕಿ. ಆಯ್ಕೆಯಾದರೆ ಎರಡು ತಿಂಗಳು ದೊಡ್ಡ ಲ್ಯಾಬ್‌ನಲ್ಲಿ ಕೆಲಸ, ಖರ್ಚಿಗೆ ಹಣವೂ ಸಿಗುತ್ತದೆ. ಅರ್ಜಿಯ ಜೊತೆ ಬರೆಯುವ ಪುಟದಲ್ಲಿ ‘ಬಾಲ್ಯದಿಂದಲೂ ಮಿದುಳಿನ ಬಗ್ಗೆ ಕುತೂಹಲ’ ಬೇಡ. ಮೇಲೆ ಹೇಳಿದ ಶಾಲ್ ಲೆಕ್ಕವನ್ನು ಬರೆಯಿರಿ.

ಪಿಎಚ್‌ಡಿಗೆ ಬಾಗಿಲು ಹಲವು. ಎನ್‌ಸಿಬಿಎಸ್ ಮತ್ತು ಮುಂಬೈನ ಟಿಐಎಫ್‌ಆರ್‌ಗೆ ಜೆಜಿಇಇಬಿಐಎಲ್‌ಎಸ್ ಎಂಬ ಪ್ರವೇಶ ಪರೀಕ್ಷೆ, ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ. ಐಐಎಸ್‌ಸಿಯ ನರವಿಜ್ಞಾನ ಕೇಂದ್ರಕ್ಕೆ ಗೇಟ್ ಅಥವಾ ನೆಟ್-ಜೆಆರ್‌ಎಫ್. ನಿಮ್ಹಾನ್ಸ್‌ಗೆ ಅದರದೇ ಪ್ರವೇಶ ಪರೀಕ್ಷೆ. ಹರಿಯಾಣದ ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿದೆ. ಸಿಎಸ್‌ಐಆರ್ ನೆಟ್‌ನ ಜೀವವಿಜ್ಞಾನ ಪತ್ರಿಕೆ 200 ಅಂಕ, 3 ಗಂಟೆ. ಕೊನೆಯ ಭಾಗದಲ್ಲಿ 75 ಪ್ರಶ್ನೆಗಳಲ್ಲಿ 25ಕ್ಕೆ ಮಾತ್ರ ಉತ್ತರಿಸಬೇಕು, ಒಂದಕ್ಕೆ 4 ಅಂಕ. ಫಲಿತಾಂಶ ಏಳುವುದೂ ಬೀಳುವುದೂ ಅಲ್ಲೇ. ಎಲ್ಲ ಘಟಕ ಅರ್ಧಂಬರ್ಧ ಓದುವುದಕ್ಕಿಂತ ಐದಾರು ಘಟಕ ಆಳವಾಗಿ ಓದಿದವರು ಅಲ್ಲಿ ಗೆಲ್ಲುತ್ತಾರೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋ) ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ. ಬೆಂಗಳೂರಿಗೆ ಹೊರಡುವಾಗ ಮೂರು ತಿಂಗಳ ಖರ್ಚು ಕೈಯಲ್ಲಿರಲಿ.

ಈ ಅರ್ಜಿಗಳಲ್ಲಿ ಬಹಳಷ್ಟು ತುಂಬಬೇಕಾದ್ದು ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ, ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲದಾಗ. ಇಲ್ಲಿ ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ನಾಡಕಚೇರಿಯಿಂದ ಬರುವ 2ಎ, 3ಎ ಪ್ರಮಾಣಪತ್ರ ರಾಜ್ಯದ್ದು. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು, ಕೆನೆಪದರಕ್ಕೆ ಸೇರಿಲ್ಲವೆಂದು ಅದರಲ್ಲಿ ಇರಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಮೊದಲು ಅದನ್ನು ನೋಡಿ. ಮಳೆಗಾಲ ಮುಗಿಯುವುದರೊಳಗೆ ತಾಲ್ಲೂಕು ಕಚೇರಿಯ ಕೆಲಸ ಮುಗಿಸಿಕೊಳ್ಳಿ.

ಲ್ಯಾಬ್ ಆಯುವುದು

ಸಂಸ್ಥೆಯ ಹೆಸರು ನೋಡಿ ಆಯಬೇಡಿ. ಪ್ರಶ್ನೆ ಮತ್ತು ತಂತ್ರ ನೋಡಿ. ಒತ್ತಡದ ಕೆಲಸದಲ್ಲಿ ಮೂರು ಬಗೆ: ಕೋಶದ ಆಕಾರ ನೋಡುವುದು, ಕೋಶದ ವಿದ್ಯುತ್ತನ್ನು ಅಳೆಯುವುದು, ಪ್ರಾಣಿಯ ವರ್ತನೆ ಅಳೆಯುವುದು. ಮೂರನ್ನೂ ಮಾಡುತ್ತೇನೆ ಎಂದು ಹೊರಟವರು ಆರನೇ ವರ್ಷದಲ್ಲೂ ಪ್ರಬಂಧ ಬರೆಯುತ್ತಿರುತ್ತಾರೆ. ಒಂದರಲ್ಲಿ ಗಟ್ಟಿಯಾಗಿ, ಇನ್ನೊಂದನ್ನು ಜೊತೆಗಿಟ್ಟುಕೊಳ್ಳಿ. ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ, ಗೈಡ್ ಇಲ್ಲದಾಗ, ಕೇಳಿ: ಹಿಂದಿನವರಿಗೆ ಎಷ್ಟು ವರ್ಷ ಹಿಡಿಯಿತು, ನಡುವೆ ಬಿಟ್ಟು ಹೋದವರು ಯಾಕೆ ಹೋದರು, ಅನುದಾನ ಯಾವಾಗ ಮುಗಿಯುತ್ತದೆ. ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಯೋಚಿಸಿ.

ಕೆಲಸ ಕೆಡುವುದು ಎಲ್ಲಿ

ಇಲಿಗಳ ಮೇಲಿನ ಯಾವ ಪ್ರಯೋಗಕ್ಕೂ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಮೊದಲು ಬೇಕು. ಅದು ಬರುವ ತನಕ ಸುಮ್ಮನೆ ಕೂರದೆ ಇಲಿಯನ್ನು ಕೈಯಲ್ಲಿ ಹಿಡಿಯುವುದನ್ನು ಕಲಿಯಿರಿ. ಒತ್ತಡ ಅಳೆಯಲು ಹೊರಟವರೇ ಇಲಿಗೆ ಒತ್ತಡವಾಗುವುದು ಈ ಕ್ಷೇತ್ರದ ಹಳೆಯ ರೋಗ. ಪರೀಕ್ಷೆಗೆ ಮೊದಲು ಕನಿಷ್ಠ ಒಂದು ವಾರ ದಿನವೂ ಒಬ್ಬರೇ, ಒಂದೇ ಹೊತ್ತಿಗೆ ಹಿಡಿದು ಅಭ್ಯಾಸ ಮಾಡಿಸಬೇಕು. ಪ್ರಯೋಗ ಮಾಡುವವರು ಗಂಡಸರಾಗಿದ್ದರೆ ಅವರ ಮೈವಾಸನೆಯೇ ಇಲಿಗಳಲ್ಲಿ ಒತ್ತಡ ಹುಟ್ಟಿಸುತ್ತದೆ ಎಂದು 2014ರಲ್ಲಿ ಕಂಡುಬಂತು. ಅದಕ್ಕೇ ನಡುವೆ ಆಳು ಬದಲಾಯಿಸಬಾರದು. ರಕ್ತದಲ್ಲಿ ಇಲಿಯ ಒತ್ತಡದ ಹಾರ್ಮೋನಾದ ಕಾರ್ಟಿಕೋಸ್ಟಿರೋನ್ ಅಳೆಯುವುದಾದರೆ ಪಂಜರ ಮುಟ್ಟಿದ 3 ನಿಮಿಷದೊಳಗೆ ರಕ್ತ ತೆಗೆಯಿರಿ. ಆಮೇಲೆ ಸಿಗುವುದು ನೀವು ಹುಟ್ಟಿಸಿದ ಒತ್ತಡ. ಇಲಿ ನಿಶಾಚರಿ, ಸಂಜೆ ಅದರ ಹಾರ್ಮೋನು ತಾನಾಗಿ ಏರುತ್ತದೆ. ಒಂದು ಗುಂಪನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಅಳೆದರೆ ವ್ಯತ್ಯಾಸ ಗಡಿಯಾರದ್ದು.

ನರಕೋಶದ ಆಕಾರ ನೋಡಲು ಗಾಲ್ಜಿ-ಕಾಕ್ಸ್ ಎಂಬ ಬಣ್ಣ ಕಟ್ಟುವ ವಿಧಾನ ಇನ್ನೂ ಚಾಲ್ತಿಯಲ್ಲಿದೆ. ಮೂಲ ಗಾಲ್ಜಿ ಬಣ್ಣ 1873ರದ್ದು. ಪೊಟ್ಯಾಸಿಯಂ ಡೈಕ್ರೋಮೇಟ್, ಮರ್ಕ್ಯುರಿಕ್ ಕ್ಲೋರೈಡ್, ಪೊಟ್ಯಾಸಿಯಂ ಕ್ರೋಮೇಟ್, ಮೂರನ್ನೂ 5 ಶೇಕಡಾ ದ್ರಾವಣಗಳಾಗಿ ಮಾಡಿಕೊಂಡು ಬೆರೆಸಿ, ಮಿದುಳನ್ನು ಎರಡು ವಾರ ಕತ್ತಲಲ್ಲಿ ನೆನೆಸುತ್ತಾರೆ. ಲೋಹದ ಚಿಮಟ ಅದ್ದಬೇಡಿ, ಪಾದರಸದ ಲವಣ ಅದಕ್ಕೆ ಹತ್ತುತ್ತದೆ. ತೊಳೆದ ನೀರನ್ನು ಸಿಂಕಿಗೆ ಚೆಲ್ಲಬೇಡಿ, ವಿಷತ್ಯಾಜ್ಯದ ಕ್ಯಾನಿಗೆ ಸೇರಬೇಕು. ಸೀಳು 100ರಿಂದ 150 ಮೈಕ್ರೊಮೀಟರ್ ಇರಲಿ. ತೆಳುವಾದರೆ ಕೊಂಬೆ ತುಂಡಾಗಿ, ಒತ್ತಡದಿಂದ ಮೊಟಕಾದಂತೆಯೇ ಕಾಣುತ್ತದೆ. ನೆನೆದದ್ದು ಕಡಿಮೆಯಾದರೆ ಕೊಂಬೆಯ ತುದಿ ಮಸುಕಾಗುತ್ತದೆ, ಹೆಚ್ಚಾದರೆ ಕಪ್ಪು ಹರಳು ಕಟ್ಟುತ್ತದೆ. ಈ ವಿಧಾನದಲ್ಲಿ ಕೆಲವೇ ಕೋಶ ಬಣ್ಣ ಹಿಡಿಯುವುದೇ ಅದರ ಸೊಬಗು. ಎಲ್ಲವೂ ಹಿಡಿದಿದ್ದರೆ ಸೀಳು ಮಸಿಯಾಗುತ್ತಿತ್ತು.

ಎಣಿಸುವವರಿಗೆ ಯಾವುದು ಒತ್ತಡದ ಇಲಿ ಎಂದು ಗೊತ್ತಿರಬಾರದು. ಸ್ಲೈಡಿನ ಚೀಟಿ ಮುಚ್ಚಿ ಬೇರೆಯವರಿಂದ ಸಂಕೇತ ಸಂಖ್ಯೆ ಹಾಕಿಸಿ. 6 ಇಲಿಗಳಿಂದ 10ರಂತೆ ಕೋಶ ಅಳೆದರೆ ನಿಮ್ಮ ಮಾದರಿ ಸಂಖ್ಯೆ 6, 60 ಅಲ್ಲ. ಒಂದೇ ಇಲಿಯ ಹತ್ತು ಕೋಶಗಳು ಒಂದೇ ಮನೆಯ ಹತ್ತು ಜನರ ಹಾಗೆ, ಅವರ ಅಭಿಪ್ರಾಯವನ್ನು ಹತ್ತು ಊರಿನದೆಂದು ಬರೆಯಲಾಗದು. ಈ ತಪ್ಪು ಪ್ರಕಟವಾದ ಪ್ರಬಂಧಗಳಲ್ಲೂ ಇದೆ, ಹಾಗೆಂದು ನಿಮ್ಮದರಲ್ಲಿ ಕ್ಷಮೆಯಿಲ್ಲ. ಇನ್ನೊಂದು, ಯಾರೂ ಮೊದಲೇ ಹೇಳದ ವಿಷಯ: ಇಲಿಯ ಕೂದಲು, ಮೂತ್ರದಿಂದ ಅಲರ್ಜಿ ಬೆಳೆಯುತ್ತದೆ. ಮೊದಲ ದಿನದಿಂದ ಮಾಸ್ಕ್, ಕೈಗವಸು.

ಪಿಎಚ್‌ಡಿಯ ನಂತರ

ಐದಾರು ವರ್ಷ ಪಿಎಚ್‌ಡಿ, ಮೂರರಿಂದ ಐದು ವರ್ಷ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲೆ ಇನ್ನೊಬ್ಬರ ಲ್ಯಾಬ್‌ನಲ್ಲಿ ಸಂಶೋಧನೆ. ಪೋಸ್ಟ್‌ಡಾಕ್‌ನಲ್ಲಿ ತಂತ್ರ ಬದಲಾಯಿಸಿ, ಪ್ರಶ್ನೆ ಬದಲಾಯಿಸಬೇಡಿ. ಇದ್ದ ಲ್ಯಾಬ್‌ನಲ್ಲೇ ಮುಂದುವರಿದರೆ ಸ್ವಂತ ಹೆಸರು ಮೂಡುವುದಿಲ್ಲ. ವಿದೇಶದಿಂದ ಮರಳುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್, ಇಲ್ಲೇ ಇರುವವರಿಗೆ ಇನ್‌ಸ್ಪೈರ್ ಫ್ಯಾಕಲ್ಟಿ, ಇಂಡಿಯಾ ಅಲಯನ್ಸ್ ಇವೆ. ವಯಸ್ಸು ಅಥವಾ ಅನುಭವದ ವರ್ಷಗಳ ಮಿತಿ ಒಂದೊಂದಕ್ಕೆ ಒಂದೊಂದು ರೀತಿ, ಪಿಎಚ್‌ಡಿ ಕೊನೆಯ ವರ್ಷದಲ್ಲೇ ನೋಡಿಡಿ.

ಊರಿಗೆ ಮರಳಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಸಂಶೋಧನೆ ಮುಂದುವರಿಸುವವರಿಗೆ ಇಲಿಮನೆ ಕಟ್ಟುವ ಹಣ ಸಿಗುವುದು ಕಷ್ಟ. ಮನುಷ್ಯರ ಎಂಜಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅಳೆಯುವುದು ಸಾಧ್ಯವಿರುವ ಕೆಲಸ, ನೀತಿ ಸಮಿತಿಯ ಒಪ್ಪಿಗೆಯೊಂದಿಗೆ. ಎದ್ದ 30ರಿಂದ 45 ನಿಮಿಷದಲ್ಲಿ ಕಾರ್ಟಿಸೋಲ್ ತುದಿ ಮುಟ್ಟುತ್ತದೆ, ಹಾಗಾಗಿ ಎದ್ದ ಗಳಿಗೆಯನ್ನು ಅವರಿಂದಲೇ ಬರೆಸಿ. ಮಲೆನಾಡಿನಲ್ಲಿ ಎರಡು ತೊಡಕು. ಒಂದು, ಎಲೆ-ಅಡಿಕೆ: ಅಡಿಕೆಯ ಅರೆಕೊಲೀನ್ ನರಗಳ ಮೇಲೆ ಕೆಲಸ ಮಾಡಿ ಎಂಜಲು ಸುರಿಸುತ್ತದೆ, ಸುಣ್ಣ ಮತ್ತು ಕೆಂಪು ಬಣ್ಣ ಮಾದರಿಗೆ ಸೇರುತ್ತವೆ. ಅಂದು ಬೆಳಿಗ್ಗೆ ಕವಳ ಹಾಕಿದವರನ್ನು ಇನ್ನೊಂದು ದಿನಕ್ಕೆ ಕರೆಯಿರಿ, ಕಾಫಿಗೂ ಇದೇ ನಿಯಮ. ಎರಡು, ಕರೆಂಟು. ಜುಲೈಯಲ್ಲಿ ಮರ ಬಿದ್ದು ದಿನಗಟ್ಟಲೆ ಲೈನ್ ಹೋದರೆ ಮೈನಸ್ 20 ಡಿಗ್ರಿ ಫ್ರೀಜರ್ ಸಾದಾ ಪೆಟ್ಟಿಗೆ. ಮಾದರಿ ಸಂಗ್ರಹವನ್ನು ನವೆಂಬರ್‌ನಿಂದ ಮೇ ನಡುವೆ ಇಟ್ಟುಕೊಳ್ಳಿ, ಮಳೆ ಹಿಡಿಯುವ ಮೊದಲು ಎಲ್ಲ ಟ್ಯೂಬ್‌ಗಳನ್ನೂ ಒಣಮಂಜಿನಲ್ಲಿಟ್ಟು (ಡ್ರೈ ಐಸ್), ಅಳೆಯುವ ಲ್ಯಾಬ್‌ಗೆ ಸಾಗಿಸಿ. ಟ್ಯೂಬಿನ ಮೇಲೆ ಅಂಟುಚೀಟಿ ಬೇಡ, ನಮ್ಮ ತೇವಕ್ಕೆ ಅದು ಉದುರುತ್ತದೆ. ಅಳಿಸಲಾಗದ ಮಾರ್ಕರ್‌ನಲ್ಲಿ ಮುಚ್ಚಳದ ಮೇಲೊಮ್ಮೆ, ಮೈಮೇಲೊಮ್ಮೆ ಸಂಖ್ಯೆ ಬರೆಯಿರಿ.